ಫೋಲ್ಡರ್ ಒತ್ತಿದರೆ ಕಪ್ಪು ಪರದೆ

ಉಡುಪಿ, 12 ಮಾರ್ಚ್ 2025, ಬುಧವಾರ

ಬ್ರಹ್ಮಕಲಶದ ಸೀಸನ್. ನಮ್ಮ ಡಿಟಿಪಿ ಅಂಗಡಿಯಲ್ಲಿ ಈಗ ಆಮಂತ್ರಣ ಪತ್ರಿಕೆ, ಫ್ಲೆಕ್ಸ್, ದಾನಿಗಳ ಪಟ್ಟಿ ಬಿಟ್ಟರೆ ಬೇರೆ ಕೆಲಸ ಇಲ್ಲ. ಮಧ್ಯಾಹ್ನ ಒಂದು ದೇವಸ್ಥಾನದ ಕಮಿಟಿಯವರು ಪೆನ್‌ಡ್ರೈವ್ ತಂದರು.

"ಫೋಲ್ಡರ್ ಓಪನ್ ಆಗ್ತದೆ ಮಾರಾಯ್ರೆ. ಆದ್ರೆ ಮೊದ್ಲು ಒಂದು ಕಪ್ಪು ಪರದೆ ಬಂದು ಹೋಗ್ತದೆ. ಪ್ರೆಸ್ಸಿನವರು ಇದನ್ನು ಹಾಕ್ಲಿಕ್ಕೇ ಬಿಡೂದಿಲ್ಲ."

ಪ್ರೆಸ್ಸಿನವರು ಮಾಡಿದ್ದು ಸರಿ. ಆ ಕಪ್ಪು ಪರದೆ ಕಮಾಂಡ್ ಪ್ರಾಂಪ್ಟ್, ಅಂದರೆ ಕಂಪ್ಯೂಟರಿಗೆ ಅಕ್ಷರದಲ್ಲಿ ಆಜ್ಞೆ ಕೊಡುವ ಕಿಟಕಿ. ಅದು ವಿಂಡೋಸ್‌ನದ್ದೇ, ವೈರಸ್ ಅಲ್ಲ. ಅದನ್ನು ಯಾರು ಕರೆದರು ಅಂತ ನೋಡಬೇಕು, ಅಷ್ಟೇ.

ಪೆನ್‌ಡ್ರೈವ್ ಹಾಕಿ, ಯಾವುದನ್ನೂ ಕ್ಲಿಕ್ ಮಾಡದೆ ಡೀಟೇಲ್ಸ್ ವ್ಯೂನಲ್ಲಿ ಟೈಪ್ ಕಾಲಂ ನೋಡಿದೆ. 'ಹೊರೆಕಾಣಿಕೆ', 'ದಾನಿಗಳು', 'ಅನ್ನಸಂತರ್ಪಣೆ'. ಎಲ್ಲಕ್ಕೂ ಹಳದಿ ಫೋಲ್ಡರ್ ಚಿತ್ರ, ಆದರೆ ಟೈಪ್ ಮಾತ್ರ ಶಾರ್ಟ್‌ಕಟ್, ಅಂದರೆ ಬೇರೆ ಯಾವುದನ್ನೋ ತೆರೆಯುವ ಕೊಂಡಿ. ಸೈಜ್ ಕಾಲಂನಲ್ಲಿ ಕೆಬಿ ಲೆಕ್ಕ ಬೇರೆ. ನಿಜವಾದ ಫೋಲ್ಡರಿಗೆ ಅಲ್ಲಿ ಏನೂ ತೋರಿಸುವುದಿಲ್ಲ ಅಲ್ವಾ? ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆಗೆದೆ. ಟಾರ್ಗೆಟ್ ಜಾಗದಲ್ಲಿ ಸಿಎಂಡಿ ಡಾಟ್ ಇಎಕ್ಸ್‌ಇ (ಅದೇ ಕಪ್ಪು ಪರದೆ), ಆಮೇಲೆ ಸ್ಲ್ಯಾಶ್ ಸಿ, ಆಮೇಲೆ ಒಂದು ಡಾಟ್ ವಿಬಿಎಸ್ ಫೈಲ್ (ವೈರಸ್ಸಿನ ಸ್ಕ್ರಿಪ್ಟ್), ಕೊನೆಗೆ ಫೋಲ್ಡರ್ ತೆರೆಯುವ ಎಕ್ಸ್‌ಪ್ಲೋರರ್. ಮೊದಲು ನನ್ನ ಕೆಲಸ ಮಾಡು, ಆಮೇಲೆ ಇವರ ಫೋಲ್ಡರ್ ತೆರೆ ಅಂತ. ಸ್ಲ್ಯಾಶ್ ಸಿ ಹಾಕಿದರೆ ಕೆಲಸ ಮುಗಿದ ಕೂಡಲೇ ಪರದೆ ತಾನಾಗಿ ಮುಚ್ಚುತ್ತದೆ. ಫೋಲ್ಡರ್ ಹೇಗೂ ತೆರೆಯುತ್ತದಲ್ಲ, ಹಾಗಾಗಿ ಎಷ್ಟೋ ಜನ ತಲೆಕೆಡಿಸಿಕೊಳ್ಳುವುದೇ ಇಲ್ಲ.

ಹಿಂದೆಲ್ಲ ಪೆನ್‌ಡ್ರೈವ್ ಹಾಕಿದರೇ ಸಾಕಿತ್ತು, ತಾನಾಗಿ ಪ್ರೋಗ್ರಾಂ ಶುರು ಮಾಡುವ ಆಟೋರನ್ ಮೂಲಕ ವೈರಸ್ ಓಡುತ್ತಿತ್ತು. 2011ರಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ಗಳಾದ ಎಕ್ಸ್‌ಪಿ, ವಿಸ್ಟಾಗಳಿಗೂ ಅಪ್‌ಡೇಟ್ ಕೊಟ್ಟು ಅದನ್ನು ನಿಲ್ಲಿಸಿತು. ಈಗ ನಮ್ಮ ಕೈಯಿಂದಲೇ ಕ್ಲಿಕ್ ಮಾಡಿಸಬೇಕು. ಅದಕ್ಕೇ ಈ ವೇಷ.

ಅಸಲಿ ಫೋಲ್ಡರ್‌ಗಳು ಎಲ್ಲೂ ಹೋಗಿರುವುದಿಲ್ಲ, ವೈರಸ್ ಅವಕ್ಕೆ ಹಿಡನ್ ಮತ್ತು ಸಿಸ್ಟಂ ಅಂತ ಗುರುತು ಹಾಕಿ ಬಚ್ಚಿಟ್ಟಿರುತ್ತದೆ. ಈ ಗುರುತುಗಳನ್ನು ಬದಲಿಸುವ ಅಟ್ರಿಬ್ ಕಮಾಂಡಿಗೆ ಮೈನಸ್ ಎಚ್ (ಹಿಡನ್), ಮೈನಸ್ ಎಸ್ (ಸಿಸ್ಟಂ), ಮೈನಸ್ ಆರ್ (ರೀಡ್ ಓನ್ಲಿ) ಕೊಟ್ಟೆ. ಒಳಗಿನ ಫೋಲ್ಡರ್‌ಗಳೂ ಬರಲಿ ಅಂತ ಸ್ಲ್ಯಾಶ್ ಎಸ್, ಸ್ಲ್ಯಾಶ್ ಡಿ ಸೇರಿಸಿದೆ. ಎಲ್ಲ ಹೊರಗೆ ಬಂತು. ಶಾರ್ಟ್‌ಕಟ್‌ಗಳನ್ನೂ ವಿಬಿಎಸ್ ಫೈಲನ್ನೂ ಅಳಿಸಿ, ಉಳಿದದ್ದನ್ನು ಸ್ಕ್ಯಾನ್ ಮಾಡಿ ಕಾಪಿ ಮಾಡಿಕೊಂಡು, ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿಕೊಟ್ಟೆ.

ಅವರಿಗೆ ಖುಷಿಯೋ ಖುಷಿ. ಆದರೆ ಇದು ಅಂಟಿದ್ದು ಅವರ ಮಗನ ಲ್ಯಾಪ್‌ಟಾಪಿನಿಂದ. ಅದನ್ನು ತೊಳೆಯದಿದ್ದರೆ ನಾಳೆ ಮತ್ತೆ ಇದೇ ಕತೆ. ವಿಂಡೋಸ್‌ನದ್ದೇ ಆಂಟಿವೈರಸ್ ಡಿಫೆಂಡರ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಹಾಕಲಿಕ್ಕೆ ಹೇಳಿದ್ದೇನೆ. ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ. ಕಾಲು ಗಂಟೆಯ ಕೆಲಸ.

ಸಂಜೆ ಕಾಲೇಜು ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ತಂದಳು. "ಅಣ್ಣಾ, ಪಿಡಿಎಫ್ ಒತ್ತಿದ್ರೆ ಕಪ್ಪು ಪರದೆ ಬರ್ತದೆ." ಇಲ್ಲಿ ಪರದೆ ಮಾಯವಾಗಲಿಲ್ಲ, ಕರ್ಸರ್ ಮಿಟುಕಿಸುತ್ತ ಸುಮ್ನೆ ಕೂತಿತ್ತು. ವೈರಸ್ ಗಿರಸ್ ಏನಿಲ್ಲ. ಮನೆಯಲ್ಲಿ ಯಾರೋ ಓಪನ್ ವಿತ್‌ನಲ್ಲಿ ಸಿಎಂಡಿ ಆರಿಸಿ ಆಲ್ವೇಸ್ ಕೊಟ್ಟಿದ್ದಾರೆ. ಅವಳು ಯಾವುದೋ ವಿಡಿಯೋ ನೋಡಿ, ಯಾವ ಬಗೆಯ ಫೈಲನ್ನು ಯಾವುದರಲ್ಲಿ ತೆರೆಯಬೇಕು ಅಂತ ಹೇಳುವ ಅಸೋಕ್ ಕಮಾಂಡ್ ಹಾಕಿದ್ದಳಂತೆ, ಬದಲಾಗಲಿಲ್ಲ. ಬದಲಾಗುವುದೂ ಇಲ್ಲ. ನಾವು ಕೈಯಾರೆ ಆರಿಸಿದ್ದು ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ಜಾಗ) ಯೂಸರ್ ಚಾಯ್ಸ್‌ನಲ್ಲಿ ಕೂತಿರುತ್ತದೆ. ಅದರ ಮಾತೇ ನಡೆಯುವುದು. ವಿಂಡೋಸ್ 8ರಿಂದ ಅದಕ್ಕೆ ಹ್ಯಾಶ್‌ನ (ತಿದ್ದಿದರೆ ಗೊತ್ತಾಗುವಂಥ ಗುಪ್ತ ಸಂಖ್ಯೆಯ) ಕಾವಲೂ ಇದೆ. ಸುಲಭದ ದಾರಿ: ಮತ್ತೆ ಓಪನ್ ವಿತ್, ಈ ಸಲ ಪಿಡಿಎಫ್ ರೀಡರ್, ಆಲ್ವೇಸ್.

ಹಾಲ್ ಟಿಕೆಟ್ ತೆರೆಯಿತು. ಇನಿಶಿಯಲ್ ತಪ್ಪಾಗಿದೆ ಅಂತ ಅವಳಿಗೆ ಗೊತ್ತಾದದ್ದೇ ಆಗ. ಅದಕ್ಕೆ ಅವಳು ಕಾಲೇಜು ಆಫೀಸಿಗೇ ಹೋಗಬೇಕು. ನಾನು ಪ್ರಿಂಟಿಗೆ ಮಾತ್ರ ದುಡ್ಡು ತೆಗೆದುಕೊಂಡೆ.