ಸಹಿ ಬೇಗ ಹಾಕಲಿಲ್ಲ, ಯಾಕೆಂದರೆ

ನೌಕಾಪಡೆಯಲ್ಲಿ ನನ್ನ ಹೆಚ್ಚಿನ ಸರ್ವಿಸ್ ಕಳೆದದ್ದು ಸಿಂಧುಘೋಷ್ ವರ್ಗದ ಸಬ್‌ಮರೀನ್‌ಗಳ ಎಂಜಿನ್ ವಿಭಾಗದಲ್ಲಿ. ರಷ್ಯಾದಲ್ಲಿ ಕಟ್ಟಿದವು, ಡೀಸೆಲ್ ಮತ್ತು ಬ್ಯಾಟರಿಯಿಂದ ಓಡುತ್ತವೆ. ಉದ್ದ ಸುಮಾರು 73 ಮೀಟರ್. ಅದರೊಳಗೆ ಐವತ್ತಕ್ಕೂ ಹೆಚ್ಚು ಜನ.

ಹೊಸ ಹುಡುಗರು ವಿಶಾಖಪಟ್ಟಣದ ಐಎನ್‌ಎಸ್ ಶಾತವಾಹನದಲ್ಲಿ ಕೋರ್ಸ್ ಮುಗಿಸಿ ನಮ್ಮ ಹತ್ತಿರ ಬರುತ್ತಾರೆ. ಬಂದ ಕೂಡಲೇ ಸಬ್‌ಮರೀನರ್ ಆಗಿಬಿಡುವುದಿಲ್ಲ. ಪ್ರತಿ ಕಂಪಾರ್ಟ್‌ಮೆಂಟಿನ ಪೈಪು, ವಾಲ್ವು, ಸ್ವಿಚ್ಚು ಕಲಿಯಬೇಕು. ಹಿರಿಯರಿಂದ ಸಹಿ ಪಡೆಯಬೇಕು. ಕೊನೆಗೆ ಬೋರ್ಡ್, ಅಂದರೆ ಕೊನೆಯ ಪರೀಕ್ಷೆ, ಪಾಸಾದರೆ ಎದೆಗೆ ಡಾಲ್ಫಿನ್ ಬ್ಯಾಡ್ಜ್. ಅಡುಗೆಯವನಿಗೂ ಇದೇ ನಿಯಮ.

ಅಡುಗೆಯವನಿಗೆ ಯಾಕೆ ಇದೆಲ್ಲ ಅಂತ ಊರಲ್ಲಿ ಜನ ಕೇಳುತ್ತಾರೆ. ಬೆಂಕಿ ಬಿದ್ದರೆ, ನೀರು ನುಗ್ಗಿದರೆ, ಆ ಕಂಪಾರ್ಟ್‌ಮೆಂಟಿನ ಬಾಗಿಲು ಮುಚ್ಚಿಬಿಡುತ್ತೇವೆ. ಇಡೀ ಬೋಟ್ ಉಳಿಯಬೇಕಲ್ವಾ? ಆಗ ಒಳಗೆ ಯಾರಿದ್ದಾರೋ ಅವರೇ ಎಲ್ಲ ಮಾಡಬೇಕು. ಆ ವಾಲ್ವು ಗೊತ್ತಿರುವವನು ಬಾಗಿಲಾಚೆ ನಿಂತಿದ್ದರೆ ಏನು ಪ್ರಯೋಜನ? ನೂರು ಮೀಟರ್ ಆಳದಲ್ಲಿ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಸಮುದ್ರ ಸುಮಾರು ಹತ್ತು ಕಿಲೋ ಭಾರ ಒತ್ತುತ್ತಿರುತ್ತದೆ. ಯೋಚಿಸುತ್ತಾ ನಿಲ್ಲುವಷ್ಟು ಸಮಯ ಅದು ಕೊಡುವುದಿಲ್ಲ.

ಬಾಗಲಕೋಟೆ ಕಡೆಯ ಹುಡುಗನೊಬ್ಬ ನನ್ನ ವಾಚಿಗೆ, ಅಂದರೆ ಪಾಳಿಗೆ, ಬಂದ. ಚುರುಕು. ಪುಸ್ತಕವೆಲ್ಲ ಬಾಯಿಪಾಠ. ಜೊತೆಗೆ ಬಂದವರಿಗಿಂತ ಮೊದಲು ಸಹಿ ಮುಗಿಸಬೇಕು ಅನ್ನುವ ಹಟ ಬೇರೆ. ನಾನು ಕಾಯಿಸಿದೆ. ಅವನಲ್ಲಿ ನನಗೆ ಜಾಸ್ತಿ ಭರವಸೆ ಇತ್ತು, ಅದಕ್ಕೇ.

ಒಂದು ರಾತ್ರಿ ಸ್ನಾರ್ಕೆಲ್ ಮಾಡುತ್ತಿದ್ದೆವು. ಅಂದರೆ ಬೋಟ್ ನೀರಿನ ಕೆಳಗೇ ಇರುತ್ತದೆ, ಗಾಳಿ ಎಳೆಯುವ ಕೊಳವೆ ಮಾತ್ರ ಮೇಲೆ. ಡೀಸೆಲ್ ಓಡಿಸಿ ಬ್ಯಾಟರಿ ಚಾರ್ಜ್ ಮಾಡುವ ಹೊತ್ತು. ಸಮುದ್ರ ಸ್ವಲ್ಪ ಒರಟಾಗಿತ್ತು. ಅಲೆಯೊಂದು ಕೊಳವೆಯ ಬಾಯಿ ಮುಳುಗಿಸಿತು, ಅಲ್ಲಿನ ವಾಲ್ವು ಮುಚ್ಚಿಕೊಂಡಿತು. ಎಂಜಿನ್‌ಗೆ ಗಾಳಿ ಬೇಕೇ ಬೇಕು, ನಮ್ಮ ಸುತ್ತಲಿನ ಗಾಳಿಯನ್ನೇ ಎಳೆಯತೊಡಗಿತು. ಎಲ್ಲರ ಕಿವಿ ಗಪ್ಪೆಂದಿತು.

"ಏನಾತ್ರೀ ಚೀಫ್?" ಅಂದ.

ನಾನು ಉತ್ತರ ಹೇಳಲಿಲ್ಲ. ಒತ್ತಡದ ಗೇಜಿನ ಕಡೆ ಬೆರಳು ತೋರಿಸಿದೆ. ಮುಳ್ಳು ಇಳಿಯುವುದನ್ನು ನೋಡಿದ, ಎಂಜಿನ್ ನೋಡಿದ, ತಲೆ ಎತ್ತಿ ಕೊಳವೆಯ ಪೈಪ್ ನೋಡಿದ. "ಮ್ಯಾಲೆ ಬಾಯಿ ಮುಚ್ಚೇತ್ರೀ. ಹಿಂಗ ಇದ್ರ ಎಂಜಿನ್ ನಿಲ್ಲಿಸಬೇಕಾಕ್ಕೈತಿ." ಅಷ್ಟರಲ್ಲಿ ವಾಲ್ವು ತೆರೆಯಿತು, ಕಿವಿ ಬಿಟ್ಟಿತು. ಆ ಪಾಠ ಪುಸ್ತಕದಲ್ಲೂ ಇತ್ತು, ಅವನು ಓದಿಯೂ ಇದ್ದ. ಆದರೆ ಗೇಜು, ಎಂಜಿನ್, ಪೈಪು ಮೂರನ್ನೂ ತಾನೇ ಸೇರಿಸಿ ನೋಡಿದ್ದು ಆವತ್ತೇ.

ಆಮೇಲೆ ಕಲಿಸುವುದು ಸುಲಭವಾಯಿತು. ಅವನು ಕೇಳಿದ್ದಕ್ಕೆಲ್ಲ "ನಡಿ, ತೋರಿಸು" ಅನ್ನುತ್ತಿದ್ದೆ. ಕಣ್ಣಿಗೆ ಬಟ್ಟೆ ಕಟ್ಟಿ, ಉಸಿರಾಟದ ಮಾಸ್ಕ್ ಹುಡುಕಿಸಿದೆ. ಹೊಗೆ ತುಂಬಿದರೆ ಕಣ್ಣು ಉಪಯೋಗಕ್ಕೆ ಬರುವುದಿಲ್ಲ. ಪೈಪಿನ ಮೇಲೆ ಕೈಯಿಟ್ಟು, ತಲೆಗೆ ಪೆಟ್ಟು ತಿನ್ನುತ್ತಾ, ಬೋಟ್ ಮೇಲೇಳಲು ಬ್ಯಾಲಸ್ಟ್ ಟ್ಯಾಂಕಿನ ನೀರು ಹೊರತಳ್ಳುವ ಗಾಳಿಯ ಲೈನನ್ನು ಶುರುವಿನಿಂದ ಕೊನೆಯವರೆಗೆ ಹಿಡಿದ. ಆವತ್ತೇ ಆ ಹಾಳೆಗೆ ಸಹಿ ಹಾಕಿದೆ.

ಬೋರ್ಡ್ ಪಾಸಾಗಿ ಬಂದಾಗ, "ನನ್ನ ಮೇಲೆ ಸಿಟ್ಟು ಬಂದಿತ್ತೇನೋ?" ಅಂತ ಕೇಳಿದೆ. "ಭಾಳ ಬಂದಿತ್ರೀ" ಅಂದ. ನನಗೆ ಅದು ಇಷ್ಟವಾಯಿತು.

ಈಗ ನಾನು ಒಂದು ಕಾರ್ಖಾನೆಯಲ್ಲಿ ಪಂಪುಗಳ ಮೇಂಟೆನೆನ್ಸ್ ನೋಡುತ್ತೇನೆ. ಹೊಸ ಹುಡುಗರನ್ನು ಬೇಗ ಲೈನಿಗೆ ಹಾಕಿ ಅಂತ ಮೇಲಿನವರು ಅವಸರ ಮಾಡುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಹುಡುಗ ಪೈಪು ಹಿಡಿದು ಒಂದು ಸುತ್ತು ಬರುವವರೆಗೆ ನನ್ನ ಸಹಿ ಸಿಗುವುದಿಲ್ಲ.