ಹುಲ್ಲುಗಾವಲಿಗೆ ಬೇಲಿ ಬೀಳುತ್ತಾ?

ಬೆಂಗಳೂರಿನ ಹೊರವಲಯದ ಹೆಸರಘಟ್ಟದ ಹುಲ್ಲುಗಾವಲಿಗೆ ನಾನು ಹತ್ತು ವರ್ಷದಿಂದ ಹೋಗುತ್ತಿದ್ದೇನೆ. ಚಳಿಗಾಲದಲ್ಲಿ ದೂರದ ದೇಶಗಳಿಂದ ಹ್ಯಾರಿಯರ್ ಗಿಡುಗಗಳು ಅಲ್ಲಿಗೆ ಬರುತ್ತವೆ. ಅವು ಹುಲ್ಲಿಗೆ ತಾಗಿದಂತೆ ತೇಲಿ ಹೋಗುವುದನ್ನು ನೋಡುವುದೇ ಒಂದು ಸುಖ. 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಅಲ್ಲಿ ಸಂರಕ್ಷಣಾ ಮೀಸಲು, ಅಂದರೆ ವನ್ಯಜೀವಿಗಳಿಗಾಗಿ ಕಾಯ್ದೆಯಡಿ ಕಾಪಾಡುವ ಜಾಗ, ಬೇಡ ಎಂದಾಗ, ಊರಿನವರ ವಿರೋಧವೂ ಕಾರಣ ಎಂದು ಓದಿ ಸಿಟ್ಟು ಬಂದಿತ್ತು. 2024ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ 5,678 ಎಕರೆಯ ಮೀಸಲಿಗೆ ಒಪ್ಪಿಗೆ ಕೊಟ್ಟಿತು. ನನಗೆ ಹಬ್ಬ. ಸೋದರಮಾವನಿಗೆ ಫೋನ್ ಮಾಡಿದೆ. ಮಾವನ ಊರು ಆ ಕಡೆಯೇ, ಗ್ರಾಮ ಪಂಚಾಯಿತಿ ಸದಸ್ಯರು.

"ನಿನಗೆ ಖುಷಿ ಕಣೋ. ನನಗೆ ನಿದ್ದೆ ಬರ್ತಿಲ್ಲ. ಡಿಸೆಂಬರ್‌ನಲ್ಲಿ ಬರ್ತೀಯಲ್ಲ, ಆಗ ಮಾತಾಡೋಣ" ಎಂದರು.

ಭಾನುವಾರ ಬೆಳಿಗ್ಗೆ ಮಂಜು ಇನ್ನೂ ಕರಗಿರಲಿಲ್ಲ. ಮಾವ ಕೋಲು ಚಾಚಿ ತೋರಿಸುತ್ತಾ ನಡೆದರು. ಇದು ದನ ಹೋಗುವ ದಾರಿ, ಅದು ಕುರಿಗೆ ನೀರು ಸಿಗುವ ಗುಂಡಿ. "ಸರ್ಕಾರದ ಜಾಗ ಅಂತ ಗೊತ್ತು. ಫಿಲಂ ಸಿಟಿ ಮಾಡ್ತೀವಿ ಅಂದಾಗಲೂ ಯಾರೂ ನಮ್ಮನ್ನ ಕೇಳ್ಲಿಲ್ಲ. ನಾಳೆ ಬೇಲಿ ಬಿದ್ರೆ ಜನ ಇಲಾಖೆ ಹತ್ರ ಹೋಗಲ್ಲ. ನಮ್ಮನೆ ಬಾಗಿಲಿಗೆ ಬರ್ತಾರೆ. ಅವರಿಗೆ ಏನು ಹೇಳ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟರಲ್ಲಿ ಒಂದು ಜೀಪು ದಾರಿ ಬಿಟ್ಟು ಹುಲ್ಲಿನೊಳಗೆ ನುಗ್ಗಿತು. ಕಿಟಕಿಯಲ್ಲಿ ದೊಡ್ಡ ಲೆನ್ಸ್. ಹ್ಯಾರಿಯರ್‌ಗಳು ರಾತ್ರಿ ಮರದ ಮೇಲೆ ಕೂರುವುದಿಲ್ಲ, ಹುಲ್ಲಿನ ನಡುವೆ ನೆಲದ ಮೇಲೇ ಮಲಗುತ್ತವೆ. ಮೂರು ಹಕ್ಕಿ ಗಾಬರಿಯಿಂದ ಎದ್ದವು. ಮಾವ ನನ್ನ ಮುಖ ನೋಡಿದರು. "ಕುರಿ ಬಂದ್ರೆ ಹಕ್ಕಿಗೆ ತೊಂದ್ರೆ ಅಂತೀರಲ್ಲ, ಇದು?" ಶುರುವಿನ ವರ್ಷಗಳಲ್ಲಿ ನಾನೂ ಇಂಥದೇ ಜೀಪಿನಲ್ಲಿ ಬಂದವನು. ತಲೆ ತಗ್ಗಿಸಿದೆ.

ಮಧ್ಯಾಹ್ನ ಅರಳಿಕಟ್ಟೆಯ ಮೇಲೆ ಹತ್ತು ಹನ್ನೆರಡು ಜನ ಸೇರಿದರು. ನಾನು ಫೋನಿನಲ್ಲಿ ವನ್ಯಜೀವಿ ಕಾಯ್ದೆ ತೆಗೆದು, ಓದಿ, ಕನ್ನಡದಲ್ಲಿ ಹೇಳಿದೆ. ಸಂರಕ್ಷಣಾ ಮೀಸಲು ಎಂದರೆ ಅಭಯಾರಣ್ಯ ಅಲ್ಲ. ಒಳಗೆ ಕಾಲಿಡಲು ಪರವಾನಗಿ ಬೇಕೆಂಬ ಅಭಯಾರಣ್ಯದ ನಿಯಮ ಇಲ್ಲಿಗೆ ಬರುವುದಿಲ್ಲ. ಘೋಷಿಸುವ ಮೊದಲು ಸ್ಥಳೀಯರ ಜೊತೆ ಮಾತಾಡಬೇಕು. ಆಮೇಲೆ ರಚನೆಯಾಗುವ ನಿರ್ವಹಣಾ ಸಮಿತಿಯಲ್ಲಿ, ಆ ಜಾಗ ಬರುವ ಪ್ರತಿ ಗ್ರಾಮ ಪಂಚಾಯಿತಿಗೂ ಒಂದು ಸ್ಥಾನ ಇರಬೇಕು. ಪಶುಸಂಗೋಪನೆ ಇಲಾಖೆಯವರೂ ಇರಬೇಕು. ಇದೆಲ್ಲ 2002ರ ತಿದ್ದುಪಡಿಯಿಂದಲೇ ಇದೆ.

"ನಮಗೂ ಒಂದು ಕುರ್ಚಿ ಇದೆಯಾ?" ಎಂದು ಮಾವ ಎರಡು ಸಲ ಕೇಳಿದರು. ಪಂಚಾಯಿತಿಗೆ ಇದನ್ನು ಅಲ್ಲಿಯವರೆಗೆ ಯಾರೂ ತಿಳಿಸಿರಲಿಲ್ಲ. ಹಕ್ಕಿ ನೋಡುವ ನಾವಾದರೂ ಬಂದು ಹೇಳಬಹುದಿತ್ತು, ಅಲ್ವಾ? ಹತ್ತು ವರ್ಷ ಈ ಊರಿನ ಮುಂದೆಯೇ ಹಾದು ಹೋಗಿದ್ದೆವು.

ಕುರಿ ಸಾಕುವ ಅಜ್ಜಿಯೊಬ್ಬರು ಕೇಳಿದರು. "ಬೇಸಿಗೆಲಿ ಹುಲ್ಲಿಗೆ ಬೆಂಕಿ ಹಾಕೋ ಹಾಗಿಲ್ವೇನಪ್ಪ?"

"ಇಲ್ಲ ಅಜ್ಜಿ. ಅದು ಅಪರಾಧ ಆಗುತ್ತೆ."

"ಬೆಂಕಿ ಬೇಡ ಅಂದ್ರೆ ಬಿಡ್ತೀವಿ. ಹುಲ್ಲೇ ಬೇಡ ಅಂದ್ರೆ ಎಲ್ಲಿಗೆ ಹೋಗೋಣ?"

ಮೇವಿನ ಬಗ್ಗೆ ಮುಂದೆ ಸಮಿತಿ ಏನು ಸಲಹೆ ಕೊಡುತ್ತದೋ, ಅದಕ್ಕೆ ನಾನು ಭರವಸೆ ಕೊಡುವ ಹಾಗಿರಲಿಲ್ಲ. ಹಾಗೆಂದೇ ಹೇಳಿದೆ. ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯಲ್ಲಿ 2007ರಿಂದ ಕೃಷ್ಣಮೃಗಗಳಿಗೆ ಇಂಥದೇ ಮೀಸಲು ಇದೆ, 798 ಎಕರೆ. ಒಂದು ದಿನ ಅಲ್ಲಿಗೆ ಹೋಗಿ ಊರಿನವರನ್ನೇ ಕೇಳಿ ಬರೋಣ ಎಂದು ಮಾತಾಯಿತು.

ಸಂಜೆ ಹಕ್ಕಿ ಗೂಡು ಸೇರುವ ಹೊತ್ತಿಗೆ ನಾನು ಪಂಚಾಯಿತಿ ಪರವಾಗಿ ಅರ್ಜಿ ಬರೆಯುತ್ತಾ ಕೂತಿದ್ದೆ. ಗಡಿಯ ನಕ್ಷೆ ಕನ್ನಡದಲ್ಲಿ ಕೊಡಿ. ಗ್ರಾಮಸಭೆ ಕರೆದು ವಿವರಿಸಿ. ಸಮಿತಿಯಲ್ಲಿ ನಮ್ಮ ಸದಸ್ಯರನ್ನು ಸೇರಿಸಿ. ದನಕರುಗಳ ದಾರಿಯನ್ನು ನಕ್ಷೆಯಲ್ಲಿ ಗುರುತಿಸಿ. ಮಾವ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಪೆನ್ನು ತೆಗೆದುಕೊಂಡು ಕೆಳಗೆ ತಾವೇ ಒಂದು ಸಾಲು ಸೇರಿಸಿದರು. ಫೋಟೋ ತೆಗೆಯುವವರ ವಾಹನಗಳು ಡಾಂಬರು ರಸ್ತೆಯಲ್ಲೇ ನಿಲ್ಲಬೇಕು.