ಸಕ್ಕರೆ ಅಚ್ಚು, ಸಿಲಿಕಾನ್ ಅಚ್ಚು

ಜನವರಿ 11, 2023, ಬುಧವಾರ
ಮೈಸೂರು

ಸಂಕ್ರಾಂತಿಗೆ ಇನ್ನು ನಾಲ್ಕೇ ದಿನ. ಕಾಲೇಜಿಂದ ಬೇಗ ಬಂದೆ. ಅಮ್ಮ ಮರದ ಅಚ್ಚುಗಳನ್ನೆಲ್ಲ ಅಟ್ಟದಿಂದ ಇಳಿಸಿ ನೀರಿನಲ್ಲಿ ನೆನೆ ಹಾಕಿದ್ದಳು. ಮೀನು, ನವಿಲು, ಆನೆ, ಕಳಶ, ಬೃಂದಾವನ. ಕೆಲವಕ್ಕೆ ಅಜ್ಜಿಯ ಕಾಲದ ವಯಸ್ಸು.

"ರಾತ್ರಿ ಒಂದು ಗಂಟೆ ತನಕ ದೀಪ ಉರೀತಿತ್ತು. ಏನೋ ಅಂಥ ಕೆಲಸ?" ಅಂದಳು.

ಚಿಪ್ ತಯಾರಿಸುವ ಇಂಟೆಲ್‌ನವರು ನಿನ್ನೆ ಹೊಸ ಸರ್ವರ್ ಪ್ರೊಸೆಸರ್, ಅಂದರೆ ದೊಡ್ಡ ಕಂಪ್ಯೂಟರುಗಳ ಮೆದುಳು, ಬಿಡುಗಡೆ ಮಾಡಿದರು, ಅಮೆರಿಕದಲ್ಲಿ ಹಗಲು, ನಮಗೆ ರಾತ್ರಿ, ಅದನ್ನು ನೋಡ್ತಿದ್ದೆ ಅಂದೆ. ಸಫೈರ್ ರ‍್ಯಾಪಿಡ್ಸ್ ಅಂತ ಅದರ ಒಳಹೆಸರು. 2021ರಲ್ಲೇ ಬರುತ್ತೆ ಅಂತ ಹೇಳಿದ್ದರು. ಆ ವರ್ಷದ ಜೂನ್‌ನಲ್ಲಿ, ಪರೀಕ್ಷೆಗೆ ಇನ್ನಷ್ಟು ಸಮಯ ಬೇಕು, ತಯಾರಿಕೆ 2022ಕ್ಕೆ ಅಂದರು. 2022 ಪೂರ್ತಿ ಕಳೆದು ಈಗ ಬಂದಿದೆ.

"ಅಷ್ಟು ದುಡ್ಡಿದ್ದವರಿಗೆ ಅಷ್ಟು ತಡ ಯಾಕಾಗುತ್ತೆ?"

ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಒಲೆಯ ಮೇಲೇ ಇತ್ತು.

ಸಕ್ಕರೆ ಅಚ್ಚು ಮಾಡಿದವರಿಗೆ ಗೊತ್ತು, ಅದು ಎಷ್ಟು ನಾಜೂಕಿನ ಕೆಲಸ ಅಂತ. ಸಕ್ಕರೆಗೆ ನೀರು ಹಾಕಿ ಕಾಯಿಸಿ, ಸ್ವಲ್ಪ ಹಾಲು ಬಿಟ್ಟು ಕೊಳೆ ತೆಗೆದು, ಬಿಳಿ ಬಟ್ಟೆಯಲ್ಲಿ ಸೋಸಬೇಕು. ಆಮೇಲೆ ಒಂದೊಂದೇ ಸೌಟು ಪಾಕ ಸಣ್ಣ ಪಾತ್ರೆಗೆ ಹಾಕಿಕೊಂಡು ಕುದಿಸಿ, ಬೆಳ್ಳಗಾಗುವ ತನಕ ತಿರುವಿ, ತಟ್ಟನೆ ಅಚ್ಚಿಗೆ ಸುರಿಯಬೇಕು. ಅರ್ಧ ನಿಮಿಷ ಮೊದಲಾದರೆ ಗಟ್ಟಿಯಾಗಲ್ಲ. ಅರ್ಧ ನಿಮಿಷ ತಡವಾದರೆ ಪಾತ್ರೆಯಲ್ಲೇ ಕಚ್ಚಿಕೊಳ್ಳುತ್ತೆ. ಇವತ್ತು ಮೊದಲು ಸುರಿದದ್ದು ದೊಡ್ಡ ನವಿಲು. ಅಮ್ಮ ದಾರ ಬಿಚ್ಚಿ, ಅಚ್ಚಿನ ಎರಡು ಹೋಳುಗಳನ್ನು ಮೆಲ್ಲಗೆ ಬಿಡಿಸಿದಳು. ಮೈ ಚೆನ್ನಾಗಿ ಬಂದಿತ್ತು. ಕುತ್ತಿಗೆ ಮರದಲ್ಲೇ ಉಳಿದಿತ್ತು. ಪಕ್ಕದ ಸಣ್ಣ ಮೀನುಗಳು ಐದಕ್ಕೆ ಐದೂ ಎದ್ದು ಬಂದವು.

"ಇದೂ ಒಂದು ಕಾರಣ ಅಮ್ಮ" ಅಂದೆ.

ಪ್ರೊಸೆಸರ್‌ಗಳನ್ನು ಒಂದೊಂದೇ ಮಾಡಲ್ಲ. 300 ಮಿಲಿಮೀಟರ್ ಅಗಲದ ಸಿಲಿಕಾನ್ ಬಿಲ್ಲೆಯ ಮೇಲೆ ಸಾಲುಸಾಲಾಗಿ ಮೂಡಿಸಿ, ಆಮೇಲೆ ಕತ್ತರಿಸುತ್ತಾರೆ. ಬಿಲ್ಲೆಯಲ್ಲಿ ಅಲ್ಲಲ್ಲಿ ಕಣ್ಣಿಗೆ ಕಾಣದ ದೋಷ ಇದ್ದೇ ಇರುತ್ತೆ. ತುಂಡು ದೊಡ್ಡದಾದಷ್ಟೂ ಅದರೊಳಗೆ ದೋಷ ಸಿಕ್ಕಿಕೊಳ್ಳುವ ಸಂಭವ ಜಾಸ್ತಿ. ಒಂದು ಬಿಲ್ಲೆಯಲ್ಲಿ ಎಷ್ಟು ತುಂಡು ಚೆನ್ನಾಗಿ ಬಂತು ಅನ್ನುವ ಲೆಕ್ಕಕ್ಕೆ ಯೀಲ್ಡ್ ಅಂತಾರೆ. ಈ ಒಂದು ಪದದಲ್ಲಿ ಇಂಟೆಲ್‌ನ ಹತ್ತು ವರ್ಷದ ಕಥೆ ಇದೆ.

ಇಂಟೆಲ್‌ನ 10 ನ್ಯಾನೋಮೀಟರ್ ಅನ್ನುವ ಚಿಪ್ ತಯಾರಿಕೆಯ ತಂತ್ರ 2016ರ ಹೊತ್ತಿಗೆ ಮಾರುಕಟ್ಟೆಗೆ ಬರಬೇಕಿತ್ತು. ಅದೇ ಜಾಗದಲ್ಲಿ 2.7 ಪಟ್ಟು ಟ್ರಾನ್ಸಿಸ್ಟರ್, ಅಂದರೆ ಪುಟ್ಟ ಪುಟ್ಟ ಸ್ವಿಚ್ಚು, ಕೂರಿಸಬೇಕು ಅನ್ನೋದು ಅವರ ಗುರಿ. ಅತಿ ಸೂಕ್ಷ್ಮ ಗೆರೆ ಮೂಡಿಸುವ ಇಯುವಿ ಯಂತ್ರ ಆಗ ಇನ್ನೂ ಸಿದ್ಧವಿರಲಿಲ್ಲ. ಹಾಗಾಗಿ ಹಳೆಯ ಬೆಳಕಿನಲ್ಲೇ ಒಂದು ಪದರಕ್ಕೆ ಹಲವು ಸುತ್ತಿನ ಕೆಲಸ ಮಾಡಿ ಗೆರೆ ಎಳೆಯಬೇಕಾಯಿತು. ಸುತ್ತು ಹೆಚ್ಚಿದಂತೆ ತಪ್ಪಿಗೆ ಜಾಗವೂ ಹೆಚ್ಚಿತು. 2015ರ ಜುಲೈನಲ್ಲಿ, 2017ಕ್ಕೆ ಬರುತ್ತೆ ಅಂದರು. 2018ರಲ್ಲಿ ಎರಡು ಕೋರಿನ, ಅಂದರೆ ಲೆಕ್ಕ ಮಾಡುವ ಎರಡು ಘಟಕ ಇರುವ, ಒಂದು ಪುಟ್ಟ ಚಿಪ್ ಹೊರಬಂತು. ನಿಜವಾಗಿ ಜನರ ಕೈಗೆ ಸಿಕ್ಕಿದ್ದು 2019ರಲ್ಲಿ. ನಿನ್ನೆ ಬಂದಿರೋದೂ ಅದೇ ವಂಶದ್ದು. ಆ ತಂತ್ರವನ್ನು ತಿದ್ದಿ ತೀಡಿ ಈಗ ಇಂಟೆಲ್ 7 ಅಂತ ಹೆಸರಿಟ್ಟಿದ್ದಾರೆ.

ಈ ಮಧ್ಯೆ ಇಂಟೆಲ್‌ನ ಎದುರಾಳಿ ಕಂಪನಿ ಎಎಂಡಿ ಸುಮ್ನೆ ಕೂತಿರಲಿಲ್ಲ. 2015ರಲ್ಲಿ ಅವರ ಷೇರು 2 ಡಾಲರ್‌ಗಿಂತ ಕೆಳಗೆ ಬಿದ್ದಿತ್ತು. ಕಂಪನಿ ಮುಚ್ಚುತ್ತೆ ಅಂತ ನಮ್ಮ ಲ್ಯಾಬಿನಲ್ಲೇ ಮಾತಾಡಿಕೊಳ್ತಿದ್ದರು. ಲೀಸಾ ಸು ಆಗಷ್ಟೇ ಸಿಇಒ ಆಗಿದ್ದರು. 2017ರ ಮಾರ್ಚ್‌ನಲ್ಲಿ ಅವರ ರೈಜನ್ ಪ್ರೊಸೆಸರ್ ಬಂತು. ಎಂಟು ಕೋರಿನ ಪ್ರೊಸೆಸರ್‌ಗೆ 499 ಡಾಲರ್. ಆಗ ಇಂಟೆಲ್‌ನ ಎಂಟು ಕೋರಿಗೆ ಸಾವಿರ ಡಾಲರ್ ದಾಟಿತ್ತು. ಆ ದಿನ ನನಗಾದ ಸಂತೋಷ ಇನ್ನೂ ನೆನಪಿದೆ. ಯಾಕಂದ್ರೆ ಅದಕ್ಕೆ ಮುಂಚೆ, 2011ರಿಂದ 2017ರ ತನಕ, ಮನೆ ಕಂಪ್ಯೂಟರಿಗೆ ಅಂತ ಇಂಟೆಲ್ ಮಾರುತ್ತಿದ್ದ ಮುಖ್ಯ ಸಾಲಿನಲ್ಲಿ ನಾಲ್ಕು ಕೋರ್ ದಾಟಲೇ ಇಲ್ಲ. ಆರು ವರ್ಷ! ರೈಜನ್ ಬಂದ ವರ್ಷವೇ, ಅಕ್ಟೋಬರ್‌ನಲ್ಲಿ, ಇಂಟೆಲ್ ಆರು ಕೋರ್ ಕೊಟ್ಟಿತು. ಎದುರಾಳಿ ಇಲ್ಲದಿದ್ದರೆ ಏನಾಗುತ್ತೆ, ಇದ್ದರೆ ಏನಾಗುತ್ತೆ ಅನ್ನೋದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಎಎಂಡಿ ಮಾಡಿದ್ದು ಸಣ್ಣ ಮೀನಿನ ಉಪಾಯ. ದೊಡ್ಡ ನವಿಲು ಎರಕ ಹೊಯ್ಯುವ ಬದಲು, ಸಣ್ಣ ಸಣ್ಣ ತುಂಡು ಮಾಡಿ ಒಂದೇ ತಟ್ಟೆಯಲ್ಲಿ ಜೋಡಿಸೋದು. ಹೋದ ನವೆಂಬರ್ 10ಕ್ಕೆ ಬಂದ ಅವರ ಜೆನೋವಾ ಸರ್ವರ್ ಪ್ರೊಸೆಸರ್‌ನಲ್ಲಿ ಎಂಟು ಕೋರಿನ ಹನ್ನೆರಡು ತುಂಡುಗಳಿವೆ. ಒಟ್ಟು 96 ಕೋರ್. ಒಂದೊಂದು ತುಂಡೂ ಸುಮಾರು 70 ಚದರ ಮಿಲಿಮೀಟರ್, ನಮ್ಮ ಕಿರುಬೆರಳಿನ ಉಗುರಿನಷ್ಟು. ಸಫೈರ್ ರ‍್ಯಾಪಿಡ್ಸ್ ಕೂಡ ತುಂಡುಗಳ ಜೋಡಣೆಯೇ. ಆದರೆ ನಾಲ್ಕೇ ತುಂಡು, ಒಂದೊಂದೂ ಸುಮಾರು 400 ಚದರ ಮಿಲಿಮೀಟರ್. ಒಟ್ಟು 60 ಕೋರ್ ತನಕ.

ಅಮ್ಮ ಮುರಿದ ನವಿಲನ್ನು ಪಾಕದ ಪಾತ್ರೆಗೆ ವಾಪಸ್ ಹಾಕಿ, ಸ್ವಲ್ಪ ನೀರು ಬಿಟ್ಟಳು. "ನಮ್ಮದು ಕರಗಿಸಿ ಮತ್ತೆ ಹೊಯ್ಯಬಹುದು. ಅವರದು?"

ಅವರದು ಹಾಗಾಗಲ್ಲ. ಕೆಟ್ಟ ತುಂಡು ಕೆಟ್ಟ ಹಾಗೇ. ಅಚ್ಚಿನಲ್ಲೇ ತಪ್ಪಿದ್ದರೆ ಅಚ್ಚು ತಿದ್ದಬೇಕು, ಮತ್ತೆ ಕಾರ್ಖಾನೆಗೆ ಕಳಿಸಬೇಕು, ತಿಂಗಳುಗಟ್ಟಲೆ ಕಾಯಬೇಕು. ಹಾಗಂತ ಕಾಯದೆ ಮಾರಿದರೆ ಏನಾಗುತ್ತೆ ಅಂತ 2007ರಲ್ಲಿ ಎಎಂಡಿಯೇ ತೋರಿಸಿದೆ. ಬಾರ್ಸಿಲೋನಾ ಅಂತ ಅದರ ಹೆಸರು. ಒಂದೇ ತುಂಡಿನಲ್ಲಿ ನಾಲ್ಕು ಕೋರ್. ಇಂಟೆಲ್ ಅಷ್ಟರಲ್ಲಿ ಎರಡು ಕೋರಿನ ಎರಡು ತುಂಡನ್ನು ಪಕ್ಕಪಕ್ಕ ಇಟ್ಟು ನಾಲ್ಕು ಅಂತ ಮಾರುತ್ತಿತ್ತು. ಅದು ಅಂಟಿಸಿದ್ದು, ನಮ್ಮದು ಅಸಲಿ ಅನ್ನೋದು ಆಗಿನ ಎಎಂಡಿ ವಾದ. ತಡವಾಗಿ ಸೆಪ್ಟೆಂಬರ್ 10ಕ್ಕೆ ಬಾರ್ಸಿಲೋನಾ ಬಂತು, ಅದೂ 2 ಗಿಗಾಹರ್ಟ್ಸ್ ವೇಗಕ್ಕೆ ನಿಂತು. ನವೆಂಬರ್‌ನಲ್ಲಿ ಅದೇ ವಿನ್ಯಾಸದ ಫೀನಮ್ ಅಂಗಡಿಗೆ ಬಂತು. ಆ ಹೊತ್ತಿಗೆ ಮೆಮೊರಿಯ ವಿಳಾಸ ಹುಡುಕಿಕೊಡುವ ಟಿಎಲ್‌ಬಿ ಅನ್ನುವ ಭಾಗದಲ್ಲಿ ಒಂದು ದೋಷ ಹೊರಬಿತ್ತು. ಅಪರೂಪಕ್ಕೆ ಕಾಣಿಸಿಕೊಳ್ಳುವಂಥದ್ದು. ಆದರೆ ಸರ್ವರ್‌ನಲ್ಲಿ ಅಪರೂಪಕ್ಕೆ ಅನ್ನುವ ಮಾತು ನಡೆಯಲ್ಲ. ಕಂಪ್ಯೂಟರ್ ಶುರುವಾಗುವಾಗ ಓಡುವ ಬಯೋಸ್ ತಂತ್ರಾಂಶದಲ್ಲಿ ತೇಪೆ ಹಾಕಿದರೆ ವೇಗ ಇಳಿಯುತ್ತಿತ್ತು. ತಿದ್ದಿದ ಚಿಪ್ ಬಂದದ್ದು 2008ರಲ್ಲಿ. ಆ ಪೆಟ್ಟಿನಿಂದ ಏಳೋಕೆ ಅವರಿಗೆ ಎಷ್ಟು ವರ್ಷ ಬೇಕಾಯಿತು ಅಂತ ಮೇಲೆ, 2017ರ ರೈಜನ್ ಕಥೆಯಲ್ಲಿ, ಬರೆದಿದ್ದೇನೆ.

ತಡವಾದ ಚಿಪ್ಪಿನ ಸುದ್ದಿ ಓದುವಾಗ ನನಗೆ ನೆನಪಾಗೋದು ವೈಟ್‌ಫೀಲ್ಡ್. ಬೆಂಗಳೂರಿನ ಊರಲ್ಲ, ಅದರ ಹೆಸರಿಟ್ಟ ಚಿಪ್. ಇಂಟೆಲ್‌ನ ಬೆಂಗಳೂರು ಕೇಂದ್ರದಲ್ಲಿ ವಿನ್ಯಾಸ ಆಗುತ್ತಿದ್ದ ನಾಲ್ಕು ಕೋರಿನ ಸರ್ವರ್ ಪ್ರೊಸೆಸರ್ ಅದು. ಆಗ ಎಎಂಡಿಯ ಆಪ್ಟೆರಾನ್ ಪ್ರೊಸೆಸರ್ ಸರ್ವರ್ ಕೋಣೆಗಳಿಗೆ ಲಗ್ಗೆ ಹಾಕುತ್ತಿದ್ದ ಕಾಲ. 2005ರಲ್ಲಿ ವೈಟ್‌ಫೀಲ್ಡ್‌ಅನ್ನು ಕೈಬಿಟ್ಟರು. ನಮ್ಮ ನಾಡಿನ ಊರೊಂದರ ಹೆಸರು ಹೊತ್ತ ಚಿಪ್ ಅಂಗಡಿಗೆ ಬರಲೇ ಇಲ್ಲ. ಒಂದು ಚಿಪ್‌ಗೆ ನೂರಾರು ಜನ ವರ್ಷಗಟ್ಟಲೆ ಕೂತಿರುತ್ತಾರೆ. ಒಂದು ದಿನ ಬೇಡ ಅಂದುಬಿಟ್ಟಾಗ ಅವರಿಗೆ ಹೇಗಾಗಿರಬೇಡ, ಅಲ್ವಾ? ಆದರೂ ಮೂರು ವರ್ಷಕ್ಕೆ, 2008ರ ಸೆಪ್ಟೆಂಬರ್‌ನಲ್ಲಿ, ಅದೇ ಬೆಂಗಳೂರಿನಿಂದ ಡನ್ನಿಂಗ್ಟನ್ ಅನ್ನುವ ಚಿಪ್ ಬಂತು. ಆರು ಕೋರ್, 190 ಕೋಟಿ ಟ್ರಾನ್ಸಿಸ್ಟರ್. ಎಎಂಡಿಯ ಆರು ಕೋರಿನ ಇಸ್ತಾಂಬುಲ್ ಬರುವಷ್ಟರಲ್ಲಿ 2009ರ ಜೂನ್ ಆಗಿತ್ತು. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರಿತು ಅಂತ ಕಾಣುತ್ತೆ. ಅಮ್ಮ ಸೌಟು ನಿಲ್ಲಿಸಿ ನನ್ನ ಮುಖ ನೋಡಿದಳು.

"ಕೂಗಬೇಡ, ಪಾಕ ಕೆಡುತ್ತೆ" ಅಂದಳು. ಅಚ್ಚು ಚಾಚಿದೆ. ಸುರಿದಳು.

ಇಷ್ಟೆಲ್ಲ ಯೋಚನೆ ಈಗ ಯಾಕೆ ಅಂದರೆ, ನಾಳೆ ಹೊಸ ಸರ್ವರ್‌ಗೆ ನಾನು ಸ್ಪೆಸಿಫಿಕೇಷನ್ ಬರೆದು ಕೊಡಬೇಕು. ಮಾರ್ಚ್ 31ರೊಳಗೆ ಗ್ರಾಂಟ್ ಖರ್ಚಾಗಬೇಕು. ಸಿವಿಲ್ ವಿಭಾಗದವರು ಕಬಿನಿ ಕಡೆಯ ಮಳೆ, ಹೊಳೆ ನೀರಿನ ಲೆಕ್ಕ ಓಡಿಸುತ್ತಾರೆ. ಆ ಲೆಕ್ಕಕ್ಕೆ ಕೋರ್ ಎಷ್ಟು ಮುಖ್ಯವೋ, ಮೆಮೊರಿಯಿಂದ ಡೇಟಾ ಎಷ್ಟು ಬೇಗ ಬರುತ್ತೆ ಅನ್ನೋದೂ ಅಷ್ಟೇ ಮುಖ್ಯ. ಜೆನೋವಾದಲ್ಲಿ ಡೇಟಾ ಬರುವ ದಾರಿ, ಅಂದರೆ ಮೆಮೊರಿ ಚಾನಲ್, 12; ಸಫೈರ್ ರ‍್ಯಾಪಿಡ್ಸ್‌ನಲ್ಲಿ 8. ಎರಡರಲ್ಲೂ ಡಿಡಿಆರ್5 ಅನ್ನುವ ಬಗೆಯ ಮೆಮೊರಿ. ನಮ್ಮ ಕೆಲಸಕ್ಕೆ ಕಾಗದದ ಮೇಲೆ ಮೊದಲನೆಯದು ಮುಂದಿದೆ. ಆದರೆ ಇಂಟೆಲ್‌ನದರಲ್ಲಿ ಮ್ಯಾಟ್ರಿಕ್ಸ್ ಲೆಕ್ಕಕ್ಕೆ ಅಂತಲೇ ಎಎಂಎಕ್ಸ್ ಅನ್ನುವ ಸೌಲಭ್ಯ ಇದೆ. ನರಜಾಲದ (ನ್ಯೂರಲ್ ನೆಟ್‌ವರ್ಕ್) ಕೆಲಸ ಮಾಡುವ ಹುಡುಗರಿಗೆ ಅದು ಬೇಕು. ಈ ಎರಡರ ಮಧ್ಯೆ ತೂಗಿ ನೋಡುವ ಅವಕಾಶ ನನಗೆ ಸಿಕ್ಕಿದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೋದ ಸಲದ ಕಾಗದ ತೆಗೆದು ಮಾಡೆಲ್ ನಂಬರ್ ಬದಲಾಯಿಸಿದರೆ ಆಗುತ್ತಿತ್ತು. ಬೇರೆ ಆಯ್ಕೆಯೇ ಇರಲಿಲ್ಲ.

ಊಟ ಆದ ಮೇಲೆ ಕರಡು ಬರೆದೆ. ಪ್ರೊಸೆಸರ್ ಅನ್ನುವ ಸಾಲಿನಲ್ಲಿ ಕಂಪನಿಯ ಹೆಸರು ಹಾಕಲಿಲ್ಲ. ನಮ್ಮ ಹೊಳೆ ನೀರಿನ ಲೆಕ್ಕವನ್ನು ಓಡಿಸಿ ತೋರಿಸಬೇಕು, ಎಷ್ಟು ಗಂಟೆ ಹಿಡಿಯಿತು ಅಂತ ಬರೆದು ಕೊಡಬೇಕು, ಇಂಥ ದಿನಕ್ಕೆ ಯಂತ್ರ ಕಾಲೇಜಿಗೆ ಬಂದಿರಬೇಕು ಅಂತ ಮೂರು ಸಾಲು ಸೇರಿಸಿದೆ.

ಅಡುಗೆಮನೆಯಲ್ಲಿ ಅಚ್ಚುಗಳನ್ನು ತಟ್ಟೆಯಲ್ಲಿ ಹರಡಿದೆ. ಎರಡನೇ ಸಲ ಹೊಯ್ದ ನವಿಲಿಗೆ ಕುತ್ತಿಗೆ ಬಂದಿದೆ.